ಐದು ರೂಪಾಯಿ ಡಬ್ಬಿ ಸಿಕ್ಕಿದ್ದು ಅವರ ತಪ್ಪಾ?

ಡೊಂಬಿವಲಿಯ ಓದುಗ ಮಿತ್ರರೇ,

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ಪತ್ರದ ವಿಷಯ ಮಾತ್ರ ಹೇಳಿಬಿಡ್ತೀನಿ. ನಿಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಈ ಸಲ ಟೀವಿಯ ‘ಡೀಲ್ ಯಾ ನೋ ಡೀಲ್’ ಥರ ಆಟ ಇಟ್ಟಿದ್ರು, 16 ಡಬ್ಬಿ, ಒಳಗೆ 1 ರೂಪಾಯಿಯಿಂದ 5000ದವರೆಗೆ ಬರೆದ ಚೀಟಿ. ಒಂದು ಡಬ್ಬಿ ತೆಗೀದೆ ಕೈಲಿಟ್ಕೊಂಡು ಮಿಕ್ಕಿದ್ದನ್ನ ಒಂದೊಂದಾಗಿ ತೆಗೆಸ್ಬೇಕು, ತೆಗೆದ ಡಬ್ಬಿಯ ಮೊತ್ತ ಆಟದಿಂದ ಹೋದಂತೆ, ನಡುನಡುವೆ ಬ್ಯಾಂಕರ್ ಅನ್ನೋರು ಕೈಲಿರೋ ಡಬ್ಬಿಗೆ ಬದಲು ಇಷ್ಟು ದುಡ್ಡು ಕೊಡ್ತೀವಿ ಅಂತಾರೆ. ನಿಮ್ಮ ಮನೆಯವರು ಹೀಗೆ ಆಡ್ತಾ ಹೋದ್ರು, ಕೊನೆಗೆ 5, 500, 5000 ಈ ಮೂರೇ ಉಳಿದಾಗ ಬ್ಯಾಂಕರ್ ಆಗಿ ಕೂತವರು 1200 ಕೊಡ್ತೀವಿ ನಿಲ್ಲಿಸಿ ಅಂದ್ರು, ಇವರು ಬೇಡ ಅಂದ್ರು. ಮುಂದಿನ ಡಬ್ಬಿ ತೆಗೆದ್ರೆ 5000 ಹೋಯ್ತು. ಆಮೇಲೆ 200 ಅಂದ್ರು, ಅದನ್ನೂ ಬಿಟ್ರು, ಕೈಲಿದ್ದ ಡಬ್ಬಿಯಲ್ಲಿ ಸಿಕ್ಕಿದ್ದು 5 ರೂಪಾಯಿ. ಅವತ್ತಿಂದ ಎಲ್ಲರ ಬಾಯಲ್ಲೂ ‘ದುರಾಸೆ’ ಅನ್ನೋ ಮಾತು, ಅವರು ಶನಿವಾರದ ಭಜನೆಗೆ ಹೋಗೋದೇ ಬಿಟ್ಟಿದ್ದಾರೆ. ಅವರದ್ದು ತಪ್ಪಾ ಅಂತ ಕೇಳಿದ್ದೀರಿ, ಜೊತೆಗೆ ನಿಮ್ಮ ಮಗ ಹೇಳೋ ಹಾಗೆ ಕೊನೇಲಿ ಕೈಲಿದ್ದ ಡಬ್ಬಿ ಬಿಟ್ಟು ಉಳಿದ ಇನ್ನೊಂದನ್ನ ತಗೊಂಡಿದ್ರೆ ಗೆಲ್ಲೋ ಚಾನ್ಸ್ ಮೂರರಲ್ಲಿ ಎರಡು ಆಗ್ತಿತ್ತಾ ಅಂತಾನೂ.

ತಪ್ಪಲ್ಲ. ಪತ್ರ ಓದಿ ನಂಗೆ ನಿಜಕ್ಕೂ ಬೇಜಾರಾಯ್ತು, ಅದಕ್ಕೇ ಲೆಕ್ಕ ಬಿಡಿಸಿ ಹೇಳ್ತೀನಿ. 5, 500, 5000 ಕೂಡಿಸಿದ್ರೆ 5505, ಮೂರರಿಂದ ಭಾಗಿಸಿದ್ರೆ 1835. ಅಂದ್ರೆ ಆ ಹೊತ್ತಿಗೆ ಅವರ ಕೈಲಿದ್ದ ಡಬ್ಬಿಯ ಸರಾಸರಿ ಬೆಲೆ 1835, ಬ್ಯಾಂಕರ್ ಕೊಡ್ತೀನಿ ಅಂದಿದ್ದು 1200. ಅದೂ ಅಲ್ದೆ ಮುಂದಿನ ಡಬ್ಬಿಯಲ್ಲಿ 5000 ಹೋಗೋ ಸಾಧ್ಯತೆ ಮೂರರಲ್ಲಿ ಒಂದು ಅಷ್ಟೇ, ಮಿಕ್ಕ ಎರಡು ಸಲ 5000 ಆಟದಲ್ಲೇ ಉಳಿದು ಸರಾಸರಿ 2500 ದಾಟ್ತಿತ್ತು. ಆಮೇಲಿನ 200 ಕೂಡ ಹಾಗೇ, 5 ಮತ್ತು 500ರ ಸರಾಸರಿ 252.50, ಕೊಟ್ಟಿದ್ದು ಅದಕ್ಕಿಂತ ಕಮ್ಮಿ. ಎರಡು ಸಲಾನೂ ಅವರು ಯೋಚ್ನೆ ಮಾಡಿದವರು ಮಾಡೋ ಹಾಗೇ ಮಾಡಿದ್ದಾರೆ. ಹಾಗಂತ 1200 ತಗೊಂಡು ಎದ್ದು ಬಂದಿದ್ರೂ ತಪ್ಪಾಗ್ತಿರಲಿಲ್ಲ, ತಿಂಗಳ ಕೊನೆ, ಮನೇಲಿ ಖರ್ಚಿದೆ ಅಂದ್ರೆ ಕೈಗೆ ಬರೋ ದುಡ್ಡಿಗೆ ಬೆಲೆ ಜಾಸ್ತಿ. ಆದ್ರೆ ಡಬ್ಬಿ ತೆಗೆದಾದ ಮೇಲೆ ಒಳಗಿದ್ದ ಚೀಟಿ ನೋಡಿ ಮನುಷ್ಯರ ಗುಣ ಅಳೆಯೋದು ಮಾತ್ರ ನಂಗೆ ಒಪ್ಪಿಗೆ ಇಲ್ಲ, ಅದೇ ಡಬ್ಬಿಯಲ್ಲಿ 5000 ಇದ್ದಿದ್ರೆ ಅದೇ ಜನ ‘ಏನ್ ಧೈರ್ಯ ಅಕ್ಕಂದು’ ಅಂತಿದ್ರು.

ಈ ಆಟದ ಕಟ್ಟೋಣವೇ ಹಾಗಿದೆ ನೋಡಿ. ಶುರುವಾದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ, ಆಮೇಲೆ ದೇಶ ದೇಶಕ್ಕೂ ಹೋಯ್ತು, ಅಮೆರಿಕದಲ್ಲಿ 26 ಪೆಟ್ಟಿಗೆ, ಬ್ರಿಟನ್ನಿನಲ್ಲಿ 22, ನಮ್ಮಲ್ಲಿ 2005ರಲ್ಲಿ ಸೋನಿಯಲ್ಲಿ ಮಾಧವನ್ ನಡೆಸಿಕೊಡ್ತಿದ್ರು. ಕೆಬಿಸಿ ಥರ ಇಲ್ಲಿ ಪ್ರಶ್ನೆ ಇಲ್ಲ, ಓದಿಕೊಂಡು ಬರೋದಕ್ಕೆ ಏನೂ ಇಲ್ಲ. ಯಾವ ಪೆಟ್ಟಿಗೆಯಲ್ಲಿ ಎಷ್ಟು ಅನ್ನೋದು ಆಟಕ್ಕೆ ಮೊದ್ಲೇ ಮುಗಿದುಹೋದ ವಿಷಯ, ಆಡೋರ ಕೈಲಿರೋದು ಬೇಕು ಬೇಡ ಅನ್ನೋದು ಮಾತ್ರ. ಬ್ಯಾಂಕರ್ ಶುರುವಿನಲ್ಲಿ ಸರಾಸರಿಗಿಂತ ತೀರಾ ಕಮ್ಮಿ ಕೊಡ್ತಾನೆ, ಯಾರೂ ಬೇಗ ಎದ್ದು ಹೋಗಬಾರದಲ್ಲ, ಹೋಗ್ತಾ ಹೋಗ್ತಾ ಸರಾಸರಿಯ ಹತ್ತಿರ ಬರ್ತಾನೆ, ಸಂಕಟ ಹೆಚ್ಚಾಗೋದು ಅಲ್ಲೇ. ಅದೃಷ್ಟದ ಆಟವನ್ನ ಸ್ವಭಾವದ ಪರೀಕ್ಷೆ ಥರ ಕಾಣಿಸೋದೇ ಇದರ ಕಸುಬು, ನೋಡೋರು ಸೋತವರಿಗೆ ಅತಿಯಾಸೆ ಅಂತ ಚೀಟಿ ಅಂಟಿಸೋದೂ ಅದರಿಂದಲೇ.

ನಿಜವಾಗಿ ಎಡವಿದವರೂ ಇದ್ದಾರೆ. ಈ ಆಟದ ಮೇಲೆ 2008ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಅನ್ನೋ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು, ಬರೆದವರಲ್ಲಿ ರಿಚರ್ಡ್ ಥೇಲರ್ ಒಬ್ಬರು, ಆಮೇಲೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದವರು. ಅದರಲ್ಲಿ ಫ್ರಾಂಕ್ ಅಂತ ಒಬ್ಬ ಡಚ್ ಸ್ಪರ್ಧಿ ಕಥೆ ಇದೆ. ಆಟದ ಮಧ್ಯೆ ಅವನು 5 ಲಕ್ಷ ಯೂರೋದ ಪೆಟ್ಟಿಗೆ ಕಳ್ಕೊಂಡ, ಕೊನೆಗೆ ಉಳಿದದ್ದು 10 ಮತ್ತು 10,000, ಸರಾಸರಿ 5005, ಬ್ಯಾಂಕರ್ 6000 ಕೊಟ್ಟ, ಅಂದ್ರೆ ಸರಾಸರಿಗಿಂತ ಜಾಸ್ತೀನೇ, ಅವನು ಬೇಡ ಅಂದು 10 ಯೂರೋ ತಗೊಂಡು ಹೋದ. ಕಳ್ಕೊಂಡದ್ದನ್ನ ವಾಪಸ್ ತರ್ಬೇಕು ಅನ್ನೋ ಹಟ ಬಂದಾಗ ಮನುಷ್ಯರು ಹೀಗೆ ಆಡ್ತಾರೆ ಅಂತ ಅಧ್ಯಯನ ಹೇಳುತ್ತೆ. ನಿಮ್ಮ ಮನೆಯವರು ಹಾಗೆ ಆಡಿಲ್ಲ, ಸರಾಸರಿಗಿಂತ ಕಮ್ಮಿ ಬಂದಿದ್ದಕ್ಕೇ ಬೇಡ ಅಂದಿದ್ದು.

ಇನ್ನು ಮಗನ ಮಾತು. ಅವನು ಹೇಳ್ತಿರೋದು ಮಾಂಟಿ ಹಾಲ್ ಲೆಕ್ಕ (ಅಮೆರಿಕದ ಒಬ್ಬ ಟೀವಿ ನಿರೂಪಕರ ಹೆಸರಲ್ಲಿರೋ ಒಗಟು), ಲೆಕ್ಕ ಸರಿ, ಆಟ ಬೇರೆ. ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ; ನೀವೊಂದು ಆರಿಸಿದ ಮೇಲೆ ಕಾರು ಎಲ್ಲಿದೆ ಅಂತ ಗೊತ್ತಿರೋ ನಿರೂಪಕ ಬೇಕಂತಲೇ ಮೇಕೆ ಇರೋ ಬಾಗಿಲು ತೆಗೀತಾನೆ, ಆಗ ಬದಲಾಯಿಸಿದ್ರೆ ಚಾನ್ಸ್ ಮೂರರಲ್ಲಿ ಎರಡು. 1990ರಲ್ಲಿ ಅಮೆರಿಕದ ಪರೇಡ್ ಪತ್ರಿಕೆಯ ಪ್ರಶ್ನೋತ್ತರ ಅಂಕಣದಲ್ಲಿ ಮ್ಯಾರಿಲಿನ್ ವಾಸ್ ಸವಂತ್ ಇದನ್ನೇ ಬರೆದಾಗ ಸುಮಾರು 10,000 ಪತ್ರ ಬಂದ್ವು, ನೀವು ತಪ್ಪು ಅಂದವರಲ್ಲಿ ಪಿಎಚ್‌ಡಿ ಆದವರೂ ಇದ್ರು, ಕೊನೆಗೆ ಮ್ಯಾರಿಲಿನ್ ಅವರೇ ಸರಿ ಅಂತಾಯ್ತು. ಆದ್ರೆ ನಿಮ್ಮ ಸಂಘದಲ್ಲಿ ಡಬ್ಬಿ ತೆಗೆದವರಿಗೆ ಒಳಗೇನಿದೆ ಅಂತ ಗೊತ್ತೇ ಇರಲಿಲ್ಲ, ಯಾರೂ 500ನ್ನ ಉಳಿಸೋಕೆ ನೋಡ್ತಿರಲಿಲ್ಲ. ಗೊತ್ತಿಲ್ದೆ ತೆಗೆದಾಗ ಉಳಿದ ಎರಡು ಡಬ್ಬಿಗೂ ಸಮಪಾಲು, ಅರ್ಧಕ್ಕರ್ಧ. ಬದಲಾಯಿಸಿದ್ರೆ 500 ಬರ್ತಿತ್ತು ಅಂತ ಈಗ ಗೊತ್ತು, ಅವತ್ತು ಗೊತ್ತಾಗೋಕೆ ದಾರಿ ಇರಲಿಲ್ಲ.

ಸಂಘದ ಕಮಿಟಿಗೆ ನನ್ನದೊಂದು ವಿನಂತಿ ಮುಟ್ಟಿಸಿ. ಮುಂದಿನ ವರ್ಷ ಈ ಆಟ ಇಟ್ರೆ ವೇದಿಕೆ ಮೇಲೆ ಒಂದು ಬೋರ್ಡ್ ಇಡಿ, ಪ್ರತಿ ಸಲ ಬ್ಯಾಂಕರ್ ಕೊಡೋ ಮೊತ್ತದ ಪಕ್ಕದಲ್ಲೇ ಉಳಿದ ಡಬ್ಬಿಗಳ ಸರಾಸರೀನೂ ಬರೀರಿ, ಕೂತು ನೋಡೋರಿಗೂ ಕಾಣ್ಲಿ. ಲೆಕ್ಕ ಹಾಕೋ ಕೆಲಸ ನಿಮ್ಮ ಮಗನಿಗೆ ಕೊಡಿ, ಅವನಿಗೆ ಖುಷಿಯಾಗುತ್ತೆ. ಈ ಪುಟವನ್ನ ಮೊದ್ಲು ಮನೆಯವರಿಗೆ ಓದಿ ಹೇಳಿ, ಆಮೇಲೆ ಶನಿವಾರ ಅವರನ್ನ ಭಜನೆಗೆ ನೀವೇ ಕರ್ಕೊಂಡು ಹೋಗಿ, ಯಾರಾದ್ರೂ ದುರಾಸೆ ಅಂತ ಮತ್ತೆ ಎತ್ತಿದ್ರೆ 1835 ಅನ್ನೋ ಸಂಖ್ಯೆ ಹೇಳಿ.

— ಸಂಪಾದಕ, ಮುಂಬಯಿ