ಬಿಪಿ ಮಾತ್ರೆಯ ಮೇಲೆ ಸಾವಿರಾರು ದೂರುಗಳಿವೆ, ಅಮ್ಮನಿಗೆ ನಿಲ್ಲಿಸಿಬಿಡಲಾ?

ಚಿಕ್ಕಮಗಳೂರಿನಲ್ಲಿರುವ ನಿಮ್ಮ ಅಮ್ಮನಿಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ ಶುರುವಾಗಿದೆ, ಈಗ ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡಿಸಿ. ಇದರಲ್ಲಿರುವ ಹೈಡ್ರೋಕ್ಲೋರೋಥಯಜೈಡ್ ಮೂತ್ರ ಜಾಸ್ತಿ ಮಾಡುವ ಔಷಧಿ, ನೀರಿನ ಜೊತೆ ಉಪ್ಪನ್ನೂ ಹೊರಗೆ ಹಾಕುತ್ತದೆ. ವಯಸ್ಸಾದವರಲ್ಲಿ ಮೊದಲ ಕೆಲವು ವಾರಗಳಲ್ಲೇ ಸೋಡಿಯಂ ಇಳಿಯುವುದುಂಟು. ಮಾತು ತೊದಲಿದರೆ, ಗೊಂದಲವಾದರೆ, ಮಂಪರು ಹತ್ತಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಇಂಟರ್ನೆಟ್ಟಿನಲ್ಲಿ ಅಡ್ಡಪರಿಣಾಮದ ವರದಿಗಳ ಪಟ್ಟಿಯಲ್ಲಿ ಕಾಣುವ ಆ ಸಾವಿರಾರು ದೂರುಗಳ ವಿಷಯ. ನಾನು ಹಾಸನದಲ್ಲಿ ಫಾರ್ಮಸಿಸ್ಟ್. ಅಂಗಡಿಗೆ ಬರುವವರೂ ಮೊಬೈಲ್ ತೋರಿಸಿ ಇದನ್ನೇ ಕೇಳುತ್ತಾರೆ. ಮಾತ್ರೆ ತಗೊಂಡ ಮೇಲೆ ಹೀಗಾಯಿತು ಎಂದು ಯಾರೋ ತಿಳಿಸಿದ್ದಾರೆ, ಅಷ್ಟೇ. ಮಾತ್ರೆಯಿಂದಲೇ ಆಯಿತು ಎಂದು ಅದರರ್ಥವಲ್ಲ. ಒಟ್ಟು ಎಷ್ಟು ಜನ ನುಂಗುತ್ತಿದ್ದಾರೆ ಎಂಬ ಲೆಕ್ಕವೂ ಅಲ್ಲಿರುವುದಿಲ್ಲ. ಹೈಡ್ರೋಕ್ಲೋರೋಥಯಜೈಡ್‌ನಂಥ, 1959ರಿಂದ ಬಳಕೆಯಲ್ಲಿರುವ ಔಷಧಿಗೆ ವರದಿಗಳು ಜಾಸ್ತಿ ಇರುವುದು ಸಹಜ ಅಲ್ವಾ?

ಹಾಗಂತ ವರದಿಗಳು ಸುಮ್ನೆ ಅಲ್ಲ. ಇದೇ ಔಷಧಿ ತಗೊಂಡ ಕೆಲವೇ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಉಸಿರಾಟಕ್ಕೆ ವಿಪರೀತ ತೊಂದರೆಯಾಗುವ, ತೀರಾ ಅಪರೂಪದ ಪರಿಣಾಮವೊಂದಿದೆ. ಅಂಥದ್ದು ಗೊತ್ತಾಗುವುದೇ ಒಬ್ಬೊಬ್ಬರ ವರದಿಯಿಂದ. ನಿಧಾನವಾಗಿ ಬರುವ ತೊಂದರೆ ಮಾತ್ರ ಇಂಥ ವರದಿಗಳಲ್ಲಿ ಸುಲಭಕ್ಕೆ ಸಿಕ್ಕುವುದಿಲ್ಲ. ವರ್ಷಗಟ್ಟಲೆ ತಗೊಂಡವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಎಂದು ತೋರಿಸಿದ್ದು ಡೆನ್ಮಾರ್ಕಿನ ಆರೋಗ್ಯ ದಾಖಲೆಗಳ ಅಧ್ಯಯನ. ಅಮೆರಿಕ 2020ರಲ್ಲಿ ಆ ಎಚ್ಚರಿಕೆಯನ್ನು ಔಷಧಿಯ ಮಾಹಿತಿಗೆ ಸೇರಿಸಿತು. ಆದರೂ ಮಾತ್ರೆ ಬಿಡಿ ಎನ್ನಲಿಲ್ಲ. ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಿ ಎಂದಿತು.

ನಮ್ಮಲ್ಲಿ 2010ರಿಂದ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮವಿದೆ. ಘಾಜಿಯಾಬಾದ್‌ನಲ್ಲಿ ವರದಿಗಳನ್ನು ಪರಿಶೀಲಿಸುತ್ತಾರೆ, ಅಲ್ಲಿಂದ ಸ್ವೀಡನ್ನಿನ ಉಪ್ಸಲಾದ ಜಾಗತಿಕ ಸಂಗ್ರಹಕ್ಕೆ ಹೋಗುತ್ತವೆ. ರೋಗಿಯ ಮನೆಯವರೂ ತಿಳಿಸಬಹುದು. ಟೋಲ್ ಫ್ರೀ ನಂಬರ್ 1800-180-3024. ಅನುಮಾನ ಇದ್ದರೆ ಸಾಕು, ಸಾಬೀತು ಮಾಡಬೇಕಾಗಿಲ್ಲ. ಮಾತ್ರೆ ಶುರುವಾದ ದಿನ, ತೊಂದರೆ ಶುರುವಾದ ದಿನ, ಡೋಸ್, ಡಾಕ್ಟರ್ ನಿಲ್ಲಿಸಿದರೆ ಕಡಿಮೆಯಾಯಿತಾ ಎಂಬುದನ್ನು ಬರೆದಿಡಿ. ದಿನಾಂಕವಿಲ್ಲದ ವರದಿಯಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ.

ಬೇರೆ ಏನೇನು ತಗೊಳ್ಳುತ್ತಾರೆ ಎಂಬುದನ್ನೂ ಹೇಳಲೇಬೇಕು. ನಮ್ಮ ಕಡೆ ಎಲ್ಲರೂ ಮರೆಯುವುದು ಇದನ್ನೇ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಸೊಂಟನೋವು, ಮಂಡಿನೋವು ಎಂದು ಡೈಕ್ಲೋಫೆನಾಕ್ ಕೇಳಿಕೊಂಡು ಬರುತ್ತಾರೆ. ಬಿಪಿ ಮಾತ್ರೆ ಇದೆಯಾ ಎಂದು ಕೇಳಿದರೆ, ಅದು ಬೇರೆ ಬಿಡಿ ಎನ್ನುತ್ತಾರೆ. ಬೇರೆಯಲ್ಲ. ನಿಮ್ಮ ಅಮ್ಮನ ಮಾತ್ರೆಯ ಎರಡೂ ಔಷಧಿಗಳ ಜೊತೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಆಗ ವರದಿಯಲ್ಲಿ ತಪ್ಪೆಲ್ಲ ಬಿಪಿ ಮಾತ್ರೆಯ ತಲೆಗೇ ಬರುತ್ತದೆ.

ಇನ್ನೊಂದು. ವರದಿಯಲ್ಲಿ ಮಾತ್ರೆಯ ಬ್ಯಾಚ್ ನಂಬರ್ ಕೂಡ ಇದ್ದರೆ ಒಳ್ಳೆಯದು. ಅರ್ಧ ಶೀಟ್ ಕತ್ತರಿಸಿ ಕೊಂಡರೆ ಬ್ಯಾಚ್ ನಂಬರ್ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ನಂಬರ್ ಇರುತ್ತದೆ.