ನಿಮ್ಮ ಲೇಖನದಲ್ಲಿ ಆ ಪೈಪುಗಳು ಎಲ್ಲಿ?

ನಮಸ್ಕಾರ. ಅಮೆರಿಕದ ಇಂಟರ್‌ಫೇಸ್ ಎಂಬ ನೆಲಹಾಸು ಕಂಪನಿ ಪರಿಸರ ಕಾಯುತ್ತಲೇ ಲಾಭ ಗಳಿಸಿದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ. ಆದರೆ ವಿಷಯವನ್ನು ಖಂಡಿತ ಕೈಬಿಡಬೇಡಿ.

ಮೊದಲ ಎರಡು ಪುಟ ರೇ ಆಂಡರ್ಸನ್ ಅವರ ಗುಣಗಾನಕ್ಕೇ ಹೋಗಿದೆ. 'ಹಸಿರಿನ ಹರಿಕಾರ', 'ಭೂತಾಯಿಯ ಸುಪುತ್ರ' ಎಂಬ ಬಿರುದುಗಳಲ್ಲಿ ಮನುಷ್ಯನೇ ಕಾಣುವುದಿಲ್ಲ. 1973ರಲ್ಲಿ ಜಾರ್ಜಿಯಾದಲ್ಲಿ ಕಂಪನಿ ಕಟ್ಟಿ, ಪೆಟ್ರೋಲಿಯಂನಿಂದ ಬರುವ ನೈಲಾನ್ ನೂಲಿನ ನೆಲಹಾಸು ಮಾರಿದವರು ಅವರು. ಪರಿಸರಕ್ಕಾಗಿ ನಿಮ್ಮ ಕಂಪನಿ ಏನು ಮಾಡುತ್ತಿದೆ ಎಂದು ಗ್ರಾಹಕರು ಕೇಳತೊಡಗಿದರು. 1994ರಲ್ಲಿ ಅದೇ ವಿಷಯವಾಗಿ ತಮ್ಮ ಸಿಬ್ಬಂದಿಯ ಮುಂದೆ ಮಾತಾಡಬೇಕಾಗಿ ಬಂದಾಗ ಹೇಳಲು ಅವರ ಬಳಿ ಏನೂ ಇರಲಿಲ್ಲ. ಅರವತ್ತರ ವಯಸ್ಸಿನ ಉದ್ಯಮಿ ಉತ್ತರವಿಲ್ಲದೆ ಕುಳಿತ ಆ ಗಳಿಗೆಯನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿದ್ದೀರಿ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಇನ್ನು ಲಾಭದ ಮಾತು. 'ಪರಿಸರಸ್ನೇಹಿ ಕ್ರಮಗಳಿಂದ ಅಪಾರ ಉಳಿತಾಯವಾಯಿತು' ಎಂದಿದ್ದೀರಿ. ಹೇಗೆ ಆಯಿತು? 1997ರಲ್ಲಿ ಶಾಂಘೈ ಕಾರ್ಖಾನೆಯ ಒಂದು ದ್ರವ ಹರಿಸುವ ವ್ಯವಸ್ಥೆಗೆ ಒಟ್ಟು 95 ಅಶ್ವಶಕ್ತಿಯ ಪಂಪುಗಳು ಬೇಕೆಂದು ಮೂಲ ನಕ್ಷೆ ಹೇಳುತ್ತಿತ್ತು. ಕಂಪನಿಯ ಎಂಜಿನಿಯರ್ ಯಾನ್ ಸ್ಕಿಲ್‌ಹಾಮ್ ಎರಡೇ ಬದಲಾವಣೆ ಮಾಡಿದರು. ಸಣ್ಣ ಪೈಪಿಗೆ ದೊಡ್ಡ ಪಂಪು ಎಂಬುದನ್ನು ತಿರುಗಿಸಿ ದೊಡ್ಡ ಪೈಪಿಗೆ ಸಣ್ಣ ಪಂಪು ಎಂದರು. ಯಂತ್ರಗಳನ್ನು ಕೂರಿಸಿ ಅವುಗಳ ಸುತ್ತ ಪೈಪುಗಳನ್ನು ತಿರುಗಿಸಿ ಒಯ್ಯುವ ಬದಲು, ಮೊದಲು ಪೈಪುಗಳನ್ನು ನೇರವಾಗಿ ಎಳೆದು ಆಮೇಲೆ ಯಂತ್ರಗಳಿಗೆ ಜಾಗ ಗೊತ್ತುಮಾಡಿದರು. ಘರ್ಷಣೆ ತಗ್ಗಿತು. 7 ಅಶ್ವಶಕ್ತಿ ಸಾಕಾಯಿತು, ಕಟ್ಟುವ ವೆಚ್ಚವೂ ಇಳಿಯಿತು. ಕೊಳವೆಬಾವಿಯಿಂದ ತೋಟದವರೆಗೆ ಪೈಪು ಎಳೆದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಕಾಡಿನ ನೆಲವನ್ನು ನೋಡಿ ರೂಪಿಸಿದ ನೆಲಹಾಸಿನ ಚೌಕಗಳೂ ನಿಮ್ಮಲ್ಲಿಲ್ಲ. ಒಂದರಂತೆ ಇನ್ನೊಂದಿಲ್ಲದ ಕಾರಣ ಯಾವುದನ್ನು ಯಾವ ದಿಕ್ಕಿಗೆ ಹಾಸಿದರೂ ನಡೆಯುತ್ತದೆ, ಕತ್ತರಿಸಿ ಎಸೆಯುವ ಚೂರು ಕಡಿಮೆ. ಕಲೆಯಾದ ಒಂದನ್ನು ಕಿತ್ತು ಹೊಸದಿಟ್ಟರೆ ಕಣ್ಣಿಗೆ ರಾಚುವುದಿಲ್ಲ.

ಸೋಲನ್ನೂ ಬರೆಯಿರಿ. ನೆಲಹಾಸನ್ನು ಮಾರದೆ ಬಾಡಿಗೆಗೆ ಕೊಟ್ಟು, ಸವೆದ ಮೇಲೆ ಹಿಂದಕ್ಕೆ ಪಡೆಯುವ ಯೋಜನೆಗೆ ಗ್ರಾಹಕರು ಹೆಚ್ಚಾಗಿ ಒಲಿಯಲಿಲ್ಲ. ಅದನ್ನು ಮುಚ್ಚಿಟ್ಟಿದ್ದರಿಂದ ನಿಮ್ಮ ಲೇಖನ ಕಂಪನಿಯ ಜಾಹೀರಾತಿನಂತೆ ಓದಿಸಿಕೊಳ್ಳುತ್ತದೆ.

ಮೊದಲ ಎರಡು ಪುಟ ತೆಗೆದುಹಾಕಿ, ಶಾಂಘೈಯ ಪೈಪುಗಳಿಂದ ಆರಂಭಿಸಿ. ತಿಂಗಳೊಳಗೆ ಕಳಿಸಿದರೆ ನಾನೇ ಓದಿ ಉತ್ತರಿಸುತ್ತೇನೆ.