ಪಟ್ಟಿ ಬಿಡಿ, ಆ ಮಲಗುವ ಕೋಣೆಯನ್ನು ಬರೆಯಿರಿ

ನಮಸ್ಕಾರ,

‘ಪುಷ್ಕಿನ್‌ಗೆ ಆದ ಅನ್ಯಾಯ’ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಇದು ಕೈಬಿಡುವ ಬರಹವಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ರಷ್ಯದ ಲೇಖಕ ಪುಷ್ಕಿನ್ ಅವರ ‘ಇಸ್ಪೀಟ್ ರಾಣಿ’ ಕಥೆ 1834ರದು. ಅದನ್ನು ಆಧರಿಸಿ ಸಂಗೀತಗಾರ ಚೈಕೋವ್‌ಸ್ಕಿ ಮಾಡಿದ ಒಪೇರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, 1890ರದು, ಅದರ ಮಾತು ಬರೆದದ್ದು ಅವರ ತಮ್ಮ ಮೊಡೆಸ್ಟ್. ಎರಡರ ನಡುವೆ ನೀವು 14 ವ್ಯತ್ಯಾಸ ಎಣಿಸಿದ್ದೀರಿ. ಒಂದೊಂದರ ಕೊನೆಗೂ ‘ಇದು ಮೂಲಕ್ಕೆ ಬಗೆದ ದ್ರೋಹ’ ಅಂತಿದೆ. ಯಾಕೆ ಬದಲಾಯಿಸಿದರು ಅಂತ ಮಾತ್ರ ಒಂದು ಕಡೆಯೂ ಕೇಳಿಲ್ಲ.

ಲೀಸಾಳನ್ನೇ ತಗೊಳ್ಳಿ. ಕಥೆಯಲ್ಲಿ ಅವಳು ಕೌಂಟೆಸ್ ಪದವಿಯ ಮುದಿ ಶ್ರೀಮಂತೆಯ ಮನೆಯಲ್ಲಿ ಹಂಗಿನ ಅನ್ನ ಉಣ್ಣುವ ಹುಡುಗಿ. ಕಥಾನಾಯಕ ಹೆರ್ಮನ್‌ಗೆ ಬೇಕಾದ್ದು ಮುದುಕಿಗೆ ಗೊತ್ತಿರುವ, ಜೂಜಿನಲ್ಲಿ ಗೆಲ್ಲಿಸುವ ಮೂರು ಇಸ್ಪೀಟ್ ಎಲೆಗಳ ಗುಟ್ಟು. ಲೀಸಾಗೆ ಅವನು ಬರೆದ ಮೊದಲ ಪ್ರೇಮಪತ್ರವೇ ಒಂದು ಜರ್ಮನ್ ಕಾದಂಬರಿಯಿಂದ ಪದಕ್ಕೆ ಪದ ಇಳಿಸಿಕೊಂಡದ್ದು. ಇದನ್ನು ಪುಷ್ಕಿನ್ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಹಾಗೆ ಪಕ್ಕದಲ್ಲಿ ನಿಂತು ಹೇಳುವವರು ಒಪೇರಾದಲ್ಲಿ ಇಲ್ಲ. ಅಲ್ಲಿ ಗಾಯಕ ಗಂಟಲು ತುಂಬಿ ಹಾಡಿದರೆ ಕೇಳುವವರು ನಂಬಿಬಿಡುತ್ತಾರೆ, ಅಲ್ವಾ? ಹಾಗಾಗಿ ಒಪೇರಾದ ಹೆರ್ಮನ್ ನಿಜವಾಗಿಯೇ ಪ್ರೀತಿಸುತ್ತಾನೆ. ಆ ಪ್ರೀತಿಯನ್ನು ಜೂಜಿನ ಹುಚ್ಚು ನುಂಗುತ್ತಾ ಹೋಗುತ್ತದೆ. ಕಥೆಯಲ್ಲಿ ಅನುಕೂಲಸ್ಥನೊಬ್ಬನನ್ನು ಮದುವೆಯಾಗಿ ಬದುಕಿಕೊಳ್ಳುವ ಲೀಸಾ, ಇಲ್ಲಿ ಕಾಲುವೆಗೆ ಹಾರುತ್ತಾಳೆ. ಆ ಕಾಲುವೆ ದೃಶ್ಯ ಬೇಕೇ ಬೇಕು ಅಂದವರು ಚೈಕೋವ್‌ಸ್ಕಿಯೇ. ಅದಿಲ್ಲದಿದ್ದರೆ ಕೊನೆಯ ಅಂಕ ಹೆಚ್ಚುಕಡಿಮೆ ಬರೀ ಗಂಡಸರದಾಗುತ್ತಿತ್ತು. ಲೀಸಾ ಏನಾದಳು ಅಂತಲೂ ಗೊತ್ತಾಗುತ್ತಿರಲಿಲ್ಲ.

ನಿಮ್ಮ ಲೇಖನದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕೌಂಟೆಸ್ ಮಲಗುವ ಕೋಣೆಯ ಭಾಗ. ಅದಕ್ಕೆ ನಾಲ್ಕೇ ಸಾಲು ಕೊಟ್ಟಿದ್ದೀರಿ! ಕಥೆಯಲ್ಲಿ ಹೆರ್ಮನ್ ಅಡಗಿ ನಿಂತು ನೋಡುತ್ತಾನೆ. ದಾಸಿಯರು ಗುಲಾಬಿ ಸಿಕ್ಕಿಸಿದ ಟೋಪಿ ಬಿಚ್ಚುತ್ತಾರೆ, ವಿಗ್ ತೆಗೆಯುತ್ತಾರೆ. ಕೆಳಗೆ ಕತ್ತರಿಸಿದ ಬಿಳಿ ಕೂದಲು. ಪಿನ್ನುಗಳು ಮಳೆ ಹನಿಯ ಹಾಗೆ ಸುತ್ತ ಉದುರುತ್ತವೆ. ಒಪೇರಾದಲ್ಲಿ ಇದೇ ಜಾಗದಲ್ಲಿ ಪಿಟೀಲಿನಂಥ ವಯೋಲಾ ವಾದ್ಯಗಳು ಒಂದೇ ಸಣ್ಣ ಎಳೆಯನ್ನು ಬಿಡದೆ ಮತ್ತೆ ಮತ್ತೆ ನುಡಿಸುತ್ತವೆ. ಮುದುಕಿ ಕುರ್ಚಿಯಲ್ಲಿ ಕೂತು ಸಂಗೀತಗಾರ ಗ್ರೆಟ್ರಿಯ ಹಳೇ ಫ್ರೆಂಚ್ ಹಾಡೊಂದನ್ನು ಗುನುಗುತ್ತಾಳೆ. ಎರಡನೇ ಸಲ ದನಿ ಇನ್ನೂ ಇಳಿದಿರುತ್ತದೆ, ನಿದ್ದೆಗೆ ಜಾರುತ್ತಿರುವ ಹಾಗೆ. ಪುಸ್ತಕದಲ್ಲಿ ಅವಳ ಮುಪ್ಪು ಕಣ್ಣಿಗೆ ಕಟ್ಟಿತ್ತು. ಇಲ್ಲಿ ಅವಳ ಹರೆಯ ಕಿವಿಗೆ ಬೀಳುತ್ತದೆ. ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಒಂದು ಕಡೆ ನಿಮ್ಮ ದೂರು ಸರಿಯೇ. ಕಥೆಯ ಕೊನೆಗೆ ಹೆರ್ಮನ್ ಹುಚ್ಚು ಹಿಡಿದು ಆಸ್ಪತ್ರೆಯ 17ನೇ ಕೋಣೆಯಲ್ಲಿ ಕೂತು ‘ಮೂರು, ಏಳು, ಎಕ್ಕ! ಮೂರು, ಏಳು, ರಾಣಿ!’ ಅಂತ ಇಸ್ಪೀಟ್ ಎಲೆಗಳ ಹೆಸರನ್ನೇ ಗೊಣಗುತ್ತಿರುತ್ತಾನೆ. ಒಪೇರಾದಲ್ಲಿ ಚೂರಿ ಇರಿದುಕೊಂಡು ಸಾಯುತ್ತಾನೆ. ಆ ಗೊಣಗಾಟದ ಭಯ ಈ ಸಾವಿನಲ್ಲಿ ನನಗೂ ಸಿಕ್ಕಿಲ್ಲ. ಈ ವಾದವನ್ನು ಉಳಿಸಿಕೊಳ್ಳಿ.

ಉಳಿದ ಪಟ್ಟಿ ತೆಗೆದುಹಾಕಿ. ಮಲಗುವ ಕೋಣೆಯಿಂದ ಶುರು ಮಾಡಿ. ಮೊದಲು ಕಥೆಯ ಆ ಅಧ್ಯಾಯ ಓದಿ, ಆಮೇಲೆ ಕಣ್ಣು ಮುಚ್ಚಿ ಆ ದೃಶ್ಯ ಕೇಳಿ, ಅದೇ ದಿನ ಬರೆಯಲು ಕೂತುಕೊಳ್ಳಿ. 1,200 ಪದ ಸಾಕು. ಮುಂದಿನ ತಿಂಗಳ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.